ಶಿರಸಿಯಲ್ಲಿ ಕುಳಿತು ಚೀನಿ ಅಕ್ಷರ ಜೋಡಿಸಿದ್ದು

ಇಂಗ್ಲಿಷ್ ಮತ್ತು ಚೀನಿ ಎರಡೂ ಒಂದೇ ಸಾಲಿನಲ್ಲಿ ಬರುವ 64 ಪುಟಗಳ ಪುಸ್ತಿಕೆಯೊಂದನ್ನು ಶಿರಸಿಯ ದೇವಿಕೆರೆ ಬಳಿಯ ನನ್ನ ಡಿಟಿಪಿ ಅಂಗಡಿಯಲ್ಲಿಯೇ ಜೋಡಿಸಿ ಕೊಟ್ಟಿದ್ದೇನೆ. ಅದರ ಮೂರನೆಯ ಮುದ್ರಣ ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಮುಗಿಯಿತು. ನನಗೆ ಚೀನಿ ಭಾಷೆಯ ಒಂದಕ್ಷರವೂ ಓದಲು ಬಾರದು. ಇದು ಆಗದ ಹೋಗದ ಕೆಲಸವೆಂದು ಮುದ್ರಣಾಲಯದವರೂ ನನ್ನ ಭಾವನೂ ಒಂದೇ ದನಿಯಲ್ಲಿ ಹೇಳಿದ್ದರಿಂದ, ಆದದ್ದು ಹೇಗೆಂದು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕೆಲಸ ಬಂದದ್ದು ಹುಲ್ಲು ಕೊಚ್ಚುವ ಯಂತ್ರ ಮತ್ತು ತೋಟಕ್ಕೆ ಮದ್ದು ಹೊಡೆಯುವ ಪಂಪುಗಳನ್ನು ಚೀನದಿಂದ ತರಿಸಿ ಮಾರುವ ಊರಿನ ವ್ಯಾಪಾರಿಯೊಬ್ಬರಿಂದ. ಇಂಗ್ಲಿಷ್ ಹೆಸರನ್ನು ನಂಬಿ ಬಿಡಿಭಾಗಕ್ಕೆ ಬರೆದರೆ ಬೇರೆ ಯಾವುದೋ ವಾಷರ್ ಬಂದು ಬೀಳುತ್ತಿತ್ತು. ಚೀನಿ ಹೆಸರನ್ನೇ ಕಳಿಸಿದರೆ ಸರಿಯಾದದ್ದು ಬರುತ್ತಿತ್ತು. ಆದ್ದರಿಂದ ಪ್ರತಿ ಭಾಗಕ್ಕೂ ಇಂಗ್ಲಿಷ್ ಹೆಸರು, ಚೀನಿ ಹೆಸರು, ಸಂಖ್ಯೆ, ಪಕ್ಕದಲ್ಲಿ ರೈತರಿಗಾಗಿ ಕನ್ನಡದ ಕಿರುಹೆಸರು ಇರಬೇಕು, ಜೊತೆಗೆ ನಿರ್ವಹಣೆಯ ಸೂಚನೆಗಳು ಎರಡು ಭಾಷೆಗಳಲ್ಲಿ ಇರಬೇಕು ಎಂದರು. ಬೆಂಗಳೂರಿನಲ್ಲಿ ಪುಟಕ್ಕೆ ಸುಮಾರು 450 ರೂಪಾಯಿ ಕೇಳಿದ್ದರಂತೆ. ನಾನು ಒಟ್ಟು 16,000 ಎಂದೆ. ಆಗ ನನಗೆ ಕೆಲಸದ ಆಳ ಗೊತ್ತಿರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೇಜ್‌ಮೇಕರ್‌ಗೆ ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಬಾರದಾದ್ದರಿಂದ ಚೀನಿ ಹೆಸರುಗಳನ್ನೆಲ್ಲ ಚಿತ್ರಗಳನ್ನಾಗಿ ಮಾಡಿ ಕೋಷ್ಟಕದೊಳಗೆ ಒಂದೊಂದಾಗಿ ಇಟ್ಟೆ. ಮುನ್ನೂರು ಚಿತ್ರಗಳಿಗೆ ಹತ್ತು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ವ್ಯಾಪಾರಿ ಪಟ್ಟಿಯ ನಡುವೆ ಎರಡು ಭಾಗ ಸೇರಿಸಿದರು. ಅಲ್ಲಿಂದ ಕೆಳಗಿನ ಚಿತ್ರಗಳೆಲ್ಲ ತಮ್ಮ ತಮ್ಮ ಸಾಲು ಬಿಟ್ಟು ಜಾರಿದವು. ವರ್ಡ್‌ನಲ್ಲಿ ಮಾಡಿ ಕಡತವನ್ನೇ ಕಳಿಸಿದಾಗ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಪುಟವೆಲ್ಲ ಖಾಲಿ ಚೌಕಗಳಾದವು. "ಭಟ್ರೇ, ಇದು ನಮ್ಮ ಕಡೆ ಆಗೋ ಕೆಲಸ ಅಲ್ರೀ, ಬಿಟ್ಟುಬಿಡ್ರಿ" ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದ್ದು ಆ ದಿನವೇ.

ಕೊನೆಗೆ ನಾನು ಹಿಡಿದದ್ದು, ಆದೇಶಗಳನ್ನು ಬರೆದು ಪುಟ ಜೋಡಿಸುವ ಟೆಕ್ ಬಳಗದ ಝೀಲೇಟೆಕ್ ಮತ್ತು ಅದರಲ್ಲಿ ಚೀನಿ ಜೋಡಿಸಲು ನೆರವಾಗುವ ಎಕ್ಸ್‌ಇಸಿಜೆಕೆ ಪ್ಯಾಕೇಜ್. ಇವೆಲ್ಲ ಒಟ್ಟಿಗೇ ಬರುವ ನಾಲ್ಕೈದು ಜಿಬಿಯ ಟೆಕ್ ಲೈವ್ ಅನ್ನು ಜುಲೈ ತಿಂಗಳ ಕರೆಂಟಿನಲ್ಲಿ ಇಳಿಸಿಕೊಳ್ಳಲು ಮೂರು ರಾತ್ರಿ ಬೇಕಾಯಿತೆಂಬುದನ್ನು ಬಿಟ್ಟರೆ ಸ್ಥಾಪನೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚೀನದಿಂದ ಬಂದ ಪಠ್ಯ ಮಾತ್ರ ತೆರೆದೊಡನೆ ಕಸದಂತೆ ಕಂಡಿತು. ಹಳೆಯ ನುಡಿ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದಾಗ ಕಾಣುವ ಇಂಗ್ಲಿಷ್ ಅಕ್ಷರಗಳ ರಾಶಿಯನ್ನು ಕಂಡವರಿಗೆ ಈ ರೋಗದ ಪರಿಚಯವಿದ್ದೇ ಇದೆ. ಐಕಾನ್ವ್‌ಗೆ (ಸಂಕೇತ ಬದಲಿಸುವ ಒಂದು ಸಣ್ಣ ತಂತ್ರಾಂಶ) ಮೂಲ ಸಂಕೇತ ಚೀನದ ಜಿಬಿ 18030 ಎಂದು ಹೇಳಿ, ಯೂನಿಕೋಡ್‌ನ ಯುಟಿಎಫ್-8ಕ್ಕೆ ತಿರುಗಿಸಿದ ಮೇಲೆ ಎಲ್ಲವೂ ನೆಟ್ಟಗಾಯಿತು.

ಅತಿ ದುಬಾರಿಯಾದ ತಪ್ಪು ಫಾಂಟಿನದು. 2014ರಲ್ಲಿ ಅಡೋಬ್ ಮತ್ತು ಗೂಗಲ್ ಸೇರಿ ಹೊರತಂದ ನೋಟೋ ಸಾನ್ಸ್ ಸಿಜೆಕೆ (ಚೀನಿ, ಜಪಾನಿ, ಕೊರಿಯನ್ ಮೂರಕ್ಕೂ ಆಗುವ ಫಾಂಟ್) ಉಚಿತವಾಗಿ ಸಿಗುತ್ತದೆ. ಒಂದು ಓಪನ್‌ಟೈಪ್ ಫಾಂಟಿನಲ್ಲಿ ಹಿಡಿಸಬಹುದಾದ ಗರಿಷ್ಠ ಮಿತಿಯಾದ 65,535 ಅಕ್ಷರರೂಪಗಳು ಅದರಲ್ಲಿವೆ. ಇಷ್ಟು ಓದಿದ ನಾನು, ಆ ಒಟ್ಟುಗೂಡಿಸಿದ ಕಡತದಲ್ಲಿ ಮೊದಲ ಸ್ಥಾನದಲ್ಲಿರುವುದು ಜಪಾನಿ ರೂಪವೆಂಬುದನ್ನು ಗಮನಿಸದೆ, ಕಡತದ ಹೆಸರನ್ನಷ್ಟೇ ಕೊಟ್ಟು ಮುಂದುವರಿದೆ. ಯೂನಿಕೋಡ್‌ನಲ್ಲಿ ಚೀನಿ ಮತ್ತು ಜಪಾನಿ ಬರಹಗಳೆರಡಕ್ಕೂ ಒಂದೇ ಸಂಕೇತವಿರುವ ಅಕ್ಷರಗಳು ಸಾವಿರಾರು. ಆಕಾರ ಮಾತ್ರ ಅಲ್ಲಲ್ಲಿ ಬೇರೆ. ಚೀನಿಯಲ್ಲಿ 'ವ್ಯಾಸ' ಎಂಬ ಪದದ ಮೊದಲ ಅಕ್ಷರವನ್ನೇ ನೋಡಿ: ಜಪಾನಿ ರೂಪದಲ್ಲಿ ಎಡಗಡೆಯಿಂದ ಒಂದು ಗೆರೆ ಇಳಿದು ತಳದಲ್ಲಿ ಬಲಕ್ಕೆ ತಿರುಗುತ್ತದೆ, ಚೀನದ ರೂಪದಲ್ಲಿ ಆ ಮೂಲೆಯೇ ಇಲ್ಲ, ತಳದಲ್ಲಿ ಉದ್ದನೆಯ ಒಂದು ಅಡ್ಡಗೆರೆಯಿದೆ. ಯಂತ್ರದ ಪುಸ್ತಿಕೆಯಲ್ಲಿ ವ್ಯಾಸವಿಲ್ಲದ ಪುಟ ಎಲ್ಲಿ ಸಿಗುತ್ತದೆ? ಡಿಜಿಟಲ್ ಮುದ್ರಣದಲ್ಲಿ ತೆಗೆಸಿದ 50 ಪ್ರತಿಗಳ ಪೈಕಿ ಎರಡು ಚೀನಕ್ಕೆ ಹೋದವು. ಅರ್ಥವಾಗುತ್ತದೆ, ಆದರೆ ಜಪಾನಿನವರು ಅಚ್ಚು ಹಾಕಿದಂತಿದೆ ಎಂದು ಉತ್ತರ ಬಂತು. ಸುಮಾರು 7,000 ರೂಪಾಯಿ ನನ್ನ ಕೈಯಿಂದ ಹೋಯಿತು. ತಿದ್ದಲು ಬೇಕಾದದ್ದು ಇಷ್ಟೇ: ಕಡತದ ಹೆಸರಿನ ಬದಲು ಫಾಂಟಿನ ಹೆಸರು ಕೊಟ್ಟು, ಅದರ ಕೊನೆಯಲ್ಲಿ ಜೆಪಿ (ಜಪಾನಿ) ಅಲ್ಲದೆ ಎಸ್‌ಸಿ (ಸರಳ ಚೀನಿ) ಇರುವಂತೆ ನೋಡಿಕೊಳ್ಳುವುದು.

ಅದಕ್ಕೂ ಮೊದಲು ಟೆಕ್ ಲೈವ್ ಜೊತೆಗೇ ಬರುವ ಫ್ಯಾಂಡಲ್ ಫಾಂಟನ್ನು ಬಳಸಿ ನೋಡಿದ್ದೆ. ನೋಡಲು ಸೊಗಸಾಗಿದೆ, ಆದರೆ ಅಪರೂಪದ ಅಕ್ಷರಗಳು ಅದರಲ್ಲಿಲ್ಲ. ತಯಾರಕರ ವಿಳಾಸದಲ್ಲಿದ್ದ ಒಂದು ಅಕ್ಷರ ಸದ್ದಿಲ್ಲದೆ ಮಾಯವಾಗಿತ್ತು. ಟೆಕ್ ತನ್ನ ಕೆಲಸದ ವರದಿ ಬರೆದಿಡುವ ಲಾಗ್ ಕಡತದ ಹೊಟ್ಟೆಯೊಳಗೆ ಒಂದು ಸಾಲಿನ ಎಚ್ಚರಿಕೆ ಬಿಟ್ಟರೆ ಬೇರೆ ಸುಳಿವಿರಲಿಲ್ಲ. ಭಾಷೆ ಬಾರದವನಿಗೆ ಅಕ್ಷರ ಕಾಣೆಯಾದದ್ದು ಕಣ್ಣಿಗೆ ಬೀಳುವುದಿಲ್ಲ. ಈಗ ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಎಂಬ ಟೆಕ್‌ನ ಹೊಂದಿಕೆಯ ಮೌಲ್ಯವನ್ನು 3 ಎಂದು ಇಟ್ಟಿದ್ದೇನೆ. 2021ರಿಂದ ಈಚಿನ ಟೆಕ್ ಲೈವ್‌ಗಳಲ್ಲಿ ಹೀಗೆ ಮಾಡಿದರೆ ಅಕ್ಷರ ಸಿಗದಿದ್ದಾಗ ಬರಿಯ ಎಚ್ಚರಿಕೆಯ ಬದಲು ದೋಷವೆಂದೇ ತೋರಿಸುತ್ತದೆ.

ಇಷ್ಟಾದ ಮೇಲೆ ನಿಜವಾದ ಜಗಳ ಶುರುವಾದದ್ದು ಅಕ್ಷರಗಳ ಜೊತೆಗಲ್ಲ, ಚಿಹ್ನೆಗಳ ಜೊತೆಗೆ. ಬಾಗಿದ ಉದ್ಧರಣ ಚಿಹ್ನೆ, ಲೋಪ ಚಿಹ್ನೆ (ಅಪಾಸ್ಟ್ರಫಿ), ಉದ್ದಗೆರೆ, ಮೂರು ಚುಕ್ಕಿ ಇವು ಇಂಗ್ಲಿಷಿಗೂ ಚೀನಿಗೂ ಒಂದೇ ಸಂಕೇತದವು. ಎಕ್ಸ್‌ಇಸಿಜೆಕೆ ಅವುಗಳನ್ನು ಚೀನಿಯವೆಂದೇ ತಿಳಿದು ಒಂದಿಡೀ ಅಕ್ಷರದಷ್ಟು ಅಗಲ ಕೊಡುತ್ತದೆ. ವರ್ಡ್‌ನಿಂದ ತಂದ ಇಂಗ್ಲಿಷ್ ಪಠ್ಯದಲ್ಲಿ 'ಡೋಂಟ್' ಎಂಬ ಪದದ ನಡುವೆ ಹಲ್ಲು ಬಿದ್ದ ಬಾಯಿಯಂತೆ ಒಂದು ಕಿಂಡಿ ತೆರೆದುಕೊಂಡಿತು, ಅದೂ ಪ್ರತಿಯೊಂದು ಎಚ್ಚರಿಕೆಯ ಸಾಲಿನಲ್ಲಿ. ಇಂಗ್ಲಿಷ್ ಭಾಗದಲ್ಲಿ ಬಾಗಿದ ಲೋಪ ಚಿಹ್ನೆಯನ್ನು ಕೀಲಿಮಣೆಯ ನೇರ ಚಿಹ್ನೆಗೆ ಬದಲಿಸಿದರೆ ಸಾಕು. ಟೆಕ್ ತಾನೇ ಅದನ್ನು ಬಾಗಿಸಿ ಇಂಗ್ಲಿಷ್ ಫಾಂಟಿನಿಂದಲೇ ತೆಗೆದುಕೊಳ್ಳುತ್ತದೆ. ಚೀನಿ ಭಾಗದಲ್ಲಿ ಬಾಗಿದದ್ದು ಬಾಗಿದಂತೆಯೇ ಇರಬೇಕು. ಚೀನಿ ವಾಕ್ಯದೊಳಗೆ ಇಂಗ್ಲಿಷ್ ಉದ್ಧರಣೆ ಬಂದು, ಅದರೊಳಗೆ ಇಂಚಿನ ಗುರುತೂ ಬಂದಾಗ ಏನು ಮಾಡಬೇಕೆಂಬುದಕ್ಕೆ ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ. ಮುಂದಿನ ಎರಡು ಕೆಲಸ ನನಗೆ ಬಂದದ್ದು ಅದರ ಬಲದಿಂದ.

ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಚೀನಿ ಅಕ್ಷರ ತನ್ನ ಚೌಕವನ್ನು ಪೂರ್ತಿ ತುಂಬಿಕೊಂಡು ಕೂರುವುದರಿಂದ, ಎರಡನ್ನೂ 10 ಪಾಯಿಂಟಿನಲ್ಲಿ ಇಟ್ಟರೆ ಇಂಗ್ಲಿಷ್ ದೊಡ್ಡವರ ಪಂಕ್ತಿಯಲ್ಲಿ ಕುಳಿತ ಮಗುವಿನಂತೆ ಕಾಣುತ್ತದೆ. ಚೀನಿಯನ್ನು ಅದರ ಗಾತ್ರದ 0.92 ಪಟ್ಟಿನ ಆಸುಪಾಸಿಗೆ ಇಳಿಸಿದಾಗ ಎರಡೂ ಸಮನಾದವು. ಎರಡು ಲಿಪಿಗಳ ನಡುವೆ ಕಾಲು ಎಮ್ (ಎಮ್ ಎಂದರೆ ಅಕ್ಷರದ ಪಾಯಿಂಟ್ ಗಾತ್ರದಷ್ಟೇ ಅಗಲ) ಅಂತರ ಬಿಡುವುದು ರೂಢಿ. ಪಠ್ಯದಲ್ಲಿ ಅದೇ ಸರಿ, ಕೋಷ್ಟಕದ ಇಕ್ಕಟ್ಟಿನಲ್ಲಿ ಅದರ ಅರ್ಧವೇ ಚೆಂದ. ಇಂಗ್ಲಿಷಿನಲ್ಲಿ ಓರೆ ಅಕ್ಷರವಿದ್ದಲ್ಲಿ ಚೀನಿಯನ್ನೂ ಓರೆ ಮಾಡುವ ಆಸೆಯನ್ನು ಬಿಡಬೇಕು, ಆ ಲಿಪಿಗೆ ಓರೆಯೆಂಬುದೇ ಇಲ್ಲ. ಒತ್ತಿ ಹೇಳಬೇಕಾದಲ್ಲಿ ಕುಂಚದ ಬರಹವನ್ನು ಹೋಲುವ, 'ಕೈ' (Kai) ಎಂಬ ಚೀನಿ ಹೆಸರಿನ ಶೈಲಿಯ ಫಾಂಟ್ ಬಳಸಿದೆ. ಭಾಗದ ಸಂಖ್ಯೆಗಳು ಅಡ್ಡಗೆರೆಯಲ್ಲಿ ಮುರಿದು ಎರಡು ಸಾಲಾಗದಂತೆ ಪ್ರತಿಯೊಂದನ್ನೂ, ಒಳಗಿನದನ್ನು ಮುರಿಯಲು ಬಿಡದ ಆದೇಶವಾದ ಎಂಬಾಕ್ಸ್‌ನೊಳಗೆ ಹಾಕಿದೆ, ಏಕೆಂದರೆ ಅರ್ಧ ಸಂಖ್ಯೆ ನೋಡಿ ಭಾಗ ತರಿಸಿದರೆ ಬೈಗುಳ ಬರುವುದು ನನಗೆ.

ನಾನು ನಿರೀಕ್ಷಿಸದೇ ಇದ್ದ ಒಂದು ಸಂಗತಿಯೆಂದರೆ, ಪಕ್ಕದ ಕನ್ನಡ ಕಾಲಂ ತೊಂದರೆ ಕೊಡಲೇ ಇಲ್ಲ. ಒತ್ತಕ್ಷರಗಳಿಗಾಗಿ ನಾವು ಸಾಲಿನ ಅಂತರವನ್ನು ಹೇಗೂ ಹೆಚ್ಚಿಸುತ್ತೇವೆ. ಅಷ್ಟೇ ಅಂತರ ಚೀನಿಗೂ ಹಿತವಾಗುತ್ತದೆ. ಆ ಸಡಿಲಿನಲ್ಲಿ ಪೇಲವವಾಗಿ ಕಂಡದ್ದು ಇಂಗ್ಲಿಷ್ ಒಂದೇ. ಇದೇ ಹುಮ್ಮಸ್ಸಿನಲ್ಲಿ ಅದೇ ಟೆಕ್ ಬಳಗದ ಲುವಾಲೇಟೆಕ್‌ನಲ್ಲಿಯೂ ಮಾಡಿ ನೋಡಿದೆ. ನನ್ನ 4 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಝೀಲೇಟೆಕ್‌ಗೆ ನಲವತ್ತು ಸೆಕೆಂಡು ಸಾಕಾದರೆ, ಅಲ್ಲಿ ಮೂರು ನಿಮಿಷಕ್ಕೂ ಮಿಕ್ಕಿ ಹಿಡಿದದ್ದರಿಂದ ಕೈಬಿಟ್ಟೆ. ಪುಸ್ತಿಕೆಯ ಬೆನ್ನಿನ ಮೇಲೆ ಚೀನಿಯನ್ನು ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ನಿಲ್ಲಿಸುವ ಪ್ರಯೋಗವನ್ನೂ ಮಾಡಿದೆ, ಆದರೆ ಪಿನ್ ಹೊಡೆದ 64 ಪುಟಕ್ಕೆ ಬೆನ್ನೇ ಇರುವುದಿಲ್ಲವೆಂಬುದು ಆಮೇಲೆ ಹೊಳೆಯಿತು.

ಲೆಕ್ಕ ಹೇಳುವುದಾದರೆ ಮೊದಲ ಮುದ್ರಣದಲ್ಲಿ ಕೆಟ್ಟ ಪ್ರತಿ, ಹುಬ್ಬಳ್ಳಿಯ ಓಡಾಟ, ಯುಪಿಎಸ್‌ಗೆ ಹೊಸ ಬ್ಯಾಟರಿ ಎಲ್ಲ ಕಳೆದು ಕೈಗೆ ಉಳಿದದ್ದು ಐದು ಸಾವಿರದೊಳಗೆ. ಎರಡನೆಯದರಿಂದ ಪಟ್ಟಿ ಬದಲಿಸುವುದು ಅರ್ಧ ದಿನದ ಕೆಲಸವಾಗಿದ್ದರಿಂದ ಹತ್ತು ಸಾವಿರ ಉಳಿಯಿತು. ತಂತ್ರಾಂಶಕ್ಕೂ ಫಾಂಟಿಗೂ ಒಂದು ಪೈಸೆ ಕೊಟ್ಟಿಲ್ಲ.

ಈಗ ಅದೇ ವ್ಯಾಪಾರಿ ತೈವಾನಿನ ತಯಾರಕರೊಬ್ಬರಿಗಾಗಿ ಸರಳಗೊಳಿಸದ ಸಾಂಪ್ರದಾಯಿಕ ಲಿಪಿಯಲ್ಲಿ ಬೇಕೆಂದು ಕೇಳಿದ್ದಾರೆ, ಎಸ್‌ಸಿ ಇದ್ದಲ್ಲಿ ಟಿಸಿ ಎಂದು ಬದಲಿಸಿದರೆ ಆಗುವುದಿಲ್ಲವೇ ಎಂಬುದು ಅವರ ವಾದ. ಹಾಗೆ ಮಾಡಿದರೆ ಪೂರ್ಣವಿರಾಮದ ಸೊನ್ನೆ ಎಡ ಮೂಲೆಯಿಂದ ಚೌಕದ ನಡುವಿಗೆ ಬರುತ್ತದೆಯೇ ಹೊರತು ಅಕ್ಷರಗಳು ಬದಲಾಗುವುದಿಲ್ಲ. ಎಂಜಿನ್ ಎಂಬ ಪದದ ಮೊದಲ ಅಕ್ಷರವನ್ನು ಸರಳ ಲಿಪಿಯಲ್ಲಿ ತಲೆಗೂದಲಿಗೂ ಬಳಸುತ್ತಾರೆ. ಸಾಂಪ್ರದಾಯಿಕ ಲಿಪಿಯಲ್ಲಿ ಅವೆರಡಕ್ಕೆ ಬೇರೆ ಬೇರೆ ಅಕ್ಷರಗಳಿವೆ. ಕಣ್ಣು ಮುಚ್ಚಿ ಒಂದೊಂದೇ ಅಕ್ಷರ ಬದಲಿಸುತ್ತ ಹೋದರೆ ಅವರ ಯಂತ್ರಕ್ಕೆ ಕೂದಲು ಬರಬಹುದು. ಓದಬಲ್ಲ ಒಬ್ಬರಿಂದ ತಿದ್ದಿಸುವ ಖರ್ಚು ಬೇರೆ ಎಂದು ಹೇಳಿ 22,000ಕ್ಕೆ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.