ಮುಖ ಬಿಡಿ, ಕತ್ತಿ ನೋಡಿ: ವೆಟ್ಟಿನ್ ಮನೆತನದ ನಾಣ್ಯ ಜೋಡಿಸಿದ ನನ್ನ ಅನುಭವ

ಜರ್ಮನಿಯ ಸ್ಯಾಕ್ಸನಿಯ ಥಾಲರ್ (ದೊಡ್ಡ ಬೆಳ್ಳಿ ನಾಣ್ಯ) ಕೂಡಿಡುವವರಿಗೆಲ್ಲ ಈ ತಲೆನೋವು ಗೊತ್ತಿರುತ್ತದೆ. ಒಂದೇ ನಾಣ್ಯದ ಮೇಲೆ ಇಬ್ಬರು ದೊರೆಗಳು, ಅದೂ ಬೇರೆ ಬೇರೆ ಶಾಖೆಯವರು. ಯಾವ ಟ್ರೇಗೆ ಹಾಕೋದು? 1485ರಲ್ಲಿ ಅಲ್ಲಿ ಆಳುತ್ತಿದ್ದ ವೆಟ್ಟಿನ್ ಮನೆತನದ ಅಣ್ಣತಮ್ಮಂದಿರು ಅರ್ನ್ಸ್ಟ್ ಮತ್ತು ಆಲ್ಬ್ರೆಕ್ಟ್ ಲೈಪ್‌ಸಿಗ್‌ನಲ್ಲಿ ರಾಜ್ಯ ಪಾಲು ಮಾಡಿಕೊಂಡರೂ ಬೆಳ್ಳಿ ಗಣಿ ಮಾತ್ರ ಇಬ್ಬರಿಗೂ ಸೇರಿದ್ದಾಗಿಯೇ ಉಳಿಯಿತು. ಅದಕ್ಕೇ ನಾಣ್ಯದ ಮೇಲೂ ಎರಡು ಮನೆಯ ಹೆಸರು.

ಮೊದಲು ದೊರೆಯ ಹೆಸರು ಹಿಡಿದು ಜೋಡಿಸಿದೆ. ಅರ್ನ್ಸ್ಟ್ ಮನೆಯ ಯೋಹಾನ್ ಫ್ರೀಡ್ರಿಕ್ ಒಂದು ಬದಿ, ಆಲ್ಬ್ರೆಕ್ಟ್ ಮನೆಯ ಮೋರಿಟ್ಸ್ ಇನ್ನೊಂದು ಬದಿ ಇರುವ ಥಾಲರ್ ಕೈಗೆ ಬಂತು, ಲೆಕ್ಕ ಕೆಟ್ಟಿತು. 1541ರಿಂದ ಒಟ್ಟಿಗೆ ನಾಣ್ಯ ಹೊಡೆಸಿದ ಇವರಿಬ್ಬರು 1547ರ ಏಪ್ರಿಲ್‌ನಲ್ಲಿ ಮ್ಯೂಲ್‌ಬರ್ಗ್ ಯುದ್ಧದಲ್ಲಿ ಎದುರಾಳಿಗಳು! ಆಮೇಲೆ ಟಂಕಸಾಲೆ ಹಿಡಿದು ನೋಡಿದೆ. ಅದು 1556ರ ತನಕ ಚೆನ್ನಾಗಿ ನಡೆಯಿತು. ಆ ವರ್ಷದಿಂದ ಮೋರಿಟ್ಸ್‌ನ ತಮ್ಮ, ಅವನ ನಂತರ ದೊರೆಯಾದ ಆಗುಸ್ಟ್, ಉಳಿದ ಟಂಕಸಾಲೆಗಳನ್ನು ಮುಚ್ಚಿಸುತ್ತ ಎಲ್ಲವನ್ನೂ ಡ್ರೆಸ್ಡನ್‌ಗೆ ತಂದ. ಅಲ್ಲಿಂದ ಒಂದು ಟ್ರೇ ತುಂಬಿ ತುಳುಕುತ್ತದೆ, ಪಕ್ಕದ್ದೆಲ್ಲ ಖಾಲಿ.

ಕೊನೆಗೆ ಕೆಲಸಕ್ಕೆ ಬಂದ ದಾರಿ ಇದು. ಮೊದಲು ಕತ್ತಿ ನೋಡುವುದು. ಅಡ್ಡಡ್ಡ ಇಟ್ಟ ಎರಡು ಕತ್ತಿಯ ಗುರಾಣಿ, ಹೆಗಲ ಮೇಲೆ ಎತ್ತಿ ಹಿಡಿದ ಕತ್ತಿ, ಇವು ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ದೊರೆ) ಪದವಿಯ ಗುರುತು. 1547ರ ಮೇ ತಿಂಗಳಿನ ವಿಟನ್‌ಬರ್ಗ್ ಒಪ್ಪಂದದಲ್ಲಿ ಆ ಪದವಿ ಅರ್ನ್ಸ್ಟ್ ಮನೆಯಿಂದ ಮೋರಿಟ್ಸ್ ಕೈಗೆ ಹೋಯಿತು. ಎರಡನೆಯದಾಗಿ, ಟ್ರೇಗಳಿಗೆ ದೊರೆಯ ಹೆಸರಿಲ್ಲ, ರಾಜ್ಯ ಪಾಲಾದ ಇಲ್ಲವೇ ಪದವಿ ಕೈ ಬದಲಾದ ವರ್ಷ ಮಾತ್ರ: 1485, 1547, 1572, 1596. ಮುಖ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಹಳೆಯ ಸಂಗ್ರಹಕಾರರು ಒಪ್ಪಲಿಲ್ಲ. ಇಬ್ಬರ ಮುಖ ಇದ್ದರೆ ಆಸ್ತಿ ಒಟ್ಟಿಗಿದೆ, ಒಂದೇ ಮುಖ ಇದ್ದರೆ ಪಾಲಾಗಿದೆ, ಅಷ್ಟೇ ಅಲ್ವಾ ಅಂದರು. ಅಷ್ಟೇ ಅಲ್ಲ. 1591ರ ನಂತರದ ಡ್ರೆಸ್ಡನ್ ಥಾಲರ್ ತೆಗೆದುಕೊಳ್ಳಿ. ಕ್ರಿಸ್ಟಿಯಾನ್, ಯೋಹಾನ್ ಗೇಯೊರ್ಗ್, ಆಗುಸ್ಟ್, ಮೂವರು ಅಣ್ಣತಮ್ಮಂದಿರ ಮುಖ ಇದೆ (ಈ ಆಗುಸ್ಟ್ ಬೇರೆ). ಆದರೆ ಎಲೆಕ್ಟರ್ ಪದವಿ ಹಿರಿಯವನೊಬ್ಬನದೇ. ಅವನಿನ್ನೂ ಚಿಕ್ಕವನಾಗಿದ್ದರಿಂದ ರಾಜ್ಯ ನೋಡಿಕೊಂಡವನು ವೈಮಾರ್ ಶಾಖೆಯ ಫ್ರೀಡ್ರಿಕ್ ವಿಲ್‌ಹೆಲ್ಮ್. ಮುಖ ಎಣಿಸುತ್ತ ಕೂತರೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಈಗ ಟ್ರೇಗಳನ್ನು ಪಕ್ಕಪಕ್ಕ ಇಟ್ಟರೆ ಕತೆ ಕಣ್ಣಿಗೇ ಕಾಣುತ್ತದೆ. ಆಲ್ಬ್ರೆಕ್ಟ್ ಮನೆಯದು ನೇರ ಸಾಲು. 1556ರಿಂದ ಶತಮಾನದ ಕೊನೆಯವರೆಗೂ ಒಂದೇ ಊರು, ಟಂಕಸಾಲೆಯ ಮುಖ್ಯಸ್ಥ ಹಾನ್ಸ್ ಬೀನರ್‌ನ ಅದೇ ಎಚ್‌ಬಿ ಅಕ್ಷರ. ಅರ್ನ್ಸ್ಟ್ ಮನೆಯದು ಕವಲೊಡೆಯುತ್ತಲೇ ಹೋಗುತ್ತದೆ. 1572ರಲ್ಲಿ ಎರ್‌ಫುರ್ಟ್‌ನಲ್ಲಿ ವೈಮಾರ್ ಒಂದು ಕಡೆ, ಕೋಬುರ್ಗ್-ಐಸೆನಾಖ್ ಇನ್ನೊಂದು ಕಡೆ. 1596ರಲ್ಲಿ ಆ ಎರಡನೆಯದೂ ಒಡೆಯಿತು. 1547 ಮತ್ತು 1572ರ ನಡುವೆ ನನಗೆ ಬಹಳ ಇಷ್ಟವಾದ ಜಾಗ 1567, ಅರ್ನ್ಸ್ಟ್ ಮನೆಯ ಊರು ಗೋಥಾದ ಮುತ್ತಿಗೆಯ ಚೌಕ ನಾಣ್ಯ. ಒಳಗೆ ಸಿಕ್ಕಿಬಿದ್ದ ಎರಡನೇ ಯೋಹಾನ್ ಫ್ರೀಡ್ರಿಕ್ (1547ರಲ್ಲಿ ಪದವಿ ಕಳೆದುಕೊಂಡವನ ಮಗ) ಎಲೆಕ್ಟರ್ ಪದವಿ ಹುಟ್ಟಿನಿಂದ ತನ್ನದು ಎಂದು ಅಕ್ಷರ ಹೊಡೆಸಿದ. ಸೋತು ಸೆರೆ ಹೋದವನು 1595ರಲ್ಲಿ ಸೆರೆಯಲ್ಲೇ ಸತ್ತ. ನನ್ನ ಹತ್ತಿರ ಅದರ ಫೋಟೋ ಮಾತ್ರ ಇದೆ, ಅಸಲಿಗೆ ಕೈ ಹಾಕುವಷ್ಟು ದುಡ್ಡಿಲ್ಲ.

ದುಡ್ಡಿನ ಮಾತು ಬಂತು. ಚೆನ್ನಾಗಿರುವ ಥಾಲರ್ ಬೆನ್ನು ಹತ್ತಬೇಡಿ. ನಾನು ಸವೆದದ್ದನ್ನೇ ತರುತ್ತೇನೆ, ಸುಮಾರು 200 ಯೂರೋ ಒಳಗೆ. ಕತ್ತಿ ಕಂಡರೆ ಸಾಕು, ಮೂಗು ಸವೆದರೂ ಪರವಾಗಿಲ್ಲ. ಒಬ್ಬ ವ್ಯಾಪಾರಿ ಎರಕ ಹೊಯ್ದ ನಕಲಿ ಕಳಿಸಿ ದುಡ್ಡು ವಾಪಸ್ ಕೊಡಲೇ ಇಲ್ಲ, ಹೆಚ್ಚುಕಡಿಮೆ 300 ಹೋಯಿತು. ಅಸಲಿ ಥಾಲರ್ 29 ಗ್ರಾಂ ಹತ್ತಿರ ತೂಗಬೇಕು, ಅದು ಎರಡು ಮೂರು ಗ್ರಾಂ ಕಡಿಮೆ ಇತ್ತು. ಸವೆದ ಗುರಾಣಿಯಲ್ಲಿ ಕತ್ತಿ ಕಾಣಲು ಟಾರ್ಚನ್ನು ಅಂಚಿನಿಂದ ಅಡ್ಡಕ್ಕೆ ಹಿಡಿಯಿರಿ. 

ಈ ಕತ್ತಿ ನೋಡುವ ದಾರಿಯನ್ನೇ ಜರ್ಮನಿಯ ಇನ್ನೊಂದು ದೊರೆ ಮನೆತನ ಹೆಸ್ಸೆಯ ಮೇಲೂ ಪ್ರಯೋಗಿಸಿದೆ. 1567ರಲ್ಲಿ ಅಲ್ಲಿನ ದೊರೆ ಫಿಲಿಪ್ ತೀರಿಕೊಂಡ ಮೇಲೆ ನಾಲ್ಕು ಮಕ್ಕಳಿಗೆ ಕಾಸೆಲ್, ಮಾರ್‌ಬುರ್ಗ್, ರೈನ್‌ಫೆಲ್ಸ್, ಡಾರ್ಮ್‌ಸ್ಟಾಟ್ ಎಂದು ನಾಲ್ಕು ಪಾಲು. ಆದರೆ ಅಲ್ಲಿ ಕೈ ಬದಲಾಗುವ ಎಲೆಕ್ಟರ್ ಕತ್ತಿಯೇ ಇಲ್ಲ, ಎಲ್ಲರಿಗೂ ಅದೇ ಸಿಂಹ. ಹಾಗಾಗಿ ಹೆಸ್ಸೆಗೆ ಹೆಸರಿನ ಟ್ರೇಯನ್ನೇ ಉಳಿಸಿಕೊಂಡಿದ್ದೇನೆ.