ಮೇಲಿನ ಮನೆಗೆ ಬಂದ ಜರ್ಮನಿಯವರು

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. 2023ರ ಅಕ್ಟೋಬರ್‌ನಲ್ಲಿ ಮೇಲಿನ ಮನೆಗೆ ಬಂದವರು ಜರ್ಮನಿಯ ಒಬ್ಬ ಇಂಜಿನಿಯರ್. ಹರಿಹರದ ಕಡೆ ಒಂದು ಕಾರ್ಖಾನೆಯಲ್ಲಿ ಹೊಸ ಮಷೀನು ಕೂರಿಸುವ ಕೆಲಸ ಅವರದು.

ಮೊದಲ ಎಡವಟ್ಟು ನನ್ನದೇ. 11 ತಿಂಗಳ ಕರಾರು ಮಾಡಿಸಿ, ಅಡ್ವಾನ್ಸ್ ತಗೊಂಡು, ಕೀಲಿಕೈ ಕೊಟ್ಟು ಸುಮ್ನಾಗಿಬಿಟ್ಟೆ. ಮೂರನೇ ದಿನ ಕಾರ್ಖಾನೆಯಿಂದ ಫೋನು. "ಸರ್, ಫಾರ್ಮ್ ಸಿ ಹಾಕಿದ್ರಾ?" ಅದು ಹೋಟೆಲ್ಲಿನವರಿಗೆ ಮಾತ್ರ ಅಂದುಕೊಂಡಿದ್ದೆ. ಹಾಗಲ್ಲ. ವಿದೇಶಿಯರನ್ನು ಇಟ್ಟುಕೊಂಡ ಯಾರೇ ಆಗಲಿ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೆ ಆಗ ತುಂಬಬೇಕಿದ್ದ ಅರ್ಜಿಯೇ ಫಾರ್ಮ್ ಸಿ. ಮೊದಲು ಮನೆ ಮಾಲೀಕನ ಹೆಸರಲ್ಲಿ ಲಾಗಿನ್ ಆಗಬೇಕು. ಆಮೇಲೆ ಅವರ ಪಾಸ್‌ಪೋರ್ಟ್, ವೀಸಾ ನಂಬರು, ಫೋಟೊ, ಬಂದ ದಿನ. ರಾತ್ರಿ ಹನ್ನೊಂದರವರೆಗೆ ಕೂತು ತುಂಬಿದೆ. ತಡವಾಗಿದ್ದಕ್ಕೆ ನನಗೆ ಯಾರೂ ಬೈಯಲಿಲ್ಲ, ಅದು ಅದೃಷ್ಟ. ಕೆಲಸದ ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದರೆ ಅವರೂ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಣಿ ಮಾಡಿಸಬೇಕಿತ್ತು. ಅದಕ್ಕೆ ನನ್ನ ಕರಾರು ಪತ್ರ, ಫಾರ್ಮ್ ಸಿ ಪ್ರತಿ ಎರಡೂ ಬೇಕಾದವು. ನಾನು ಇನ್ನೂ ತಡ ಮಾಡಿದ್ದರೆ ಅವರ ಕಾಗದವೂ ನಿಲ್ಲುತ್ತಿತ್ತು.

ಕಾಗದದ ಕೆಲಸ ಒಂದು ವಾರಕ್ಕೆ ಮುಗಿಯಿತು. ದಿನದ ಬದುಕು ಅಷ್ಟು ಸುಲಭಕ್ಕೆ ಹಿಡಿತಕ್ಕೆ ಬರಲಿಲ್ಲ.

ಬ್ಯಾಂಕ್ ಖಾತೆ ಆಗುವವರೆಗೆ ಅವರಿಗೆ ಫೋನ್‌ಪೇ ಇಲ್ಲ. ಎಟಿಎಂ ಕೊಡುವುದು 500ರ ನೋಟು. ಹತ್ತು ರೂಪಾಯಿ ಕೊತ್ತಂಬರಿಗೆ 500 ಕೊಟ್ಟರೆ ಯಾರು ಚಿಲ್ಲರೆ ಕೊಡ್ತಾರೆ? ಗ್ಯಾಸಿಗೆ 5 ಕೆಜಿಯ ಸಣ್ಣ ಸಿಲಿಂಡರ್ ಕೊಡಿಸಿದೆ. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ. ಅವರು ಒಪ್ಪಿ, "ಮೊಟ್ಟೆ?" ಅಂದರು. ನಾನು ಅವ್ವನ ಮುಖ ನೋಡಿದೆ. ಅವ್ವ, "ಕಿಟಕಿ ತೆಗೆದು ಬೇಯಿಸ್ಕೊಳ್ಳಲಿ" ಅಂದಳು.

ನಲ್ಲಿ ನೀರಿನ ವಿಷಯ ಅವರಿಗೆ ತಲೆಗೇ ಹೋಗಲಿಲ್ಲ. ನೀರು ದಿನಾ ಬರುವುದಿಲ್ಲ, ಬಂದಾಗ ಸಂಪು ತುಂಬಿಸಿಕೊಳ್ಳಬೇಕು, ಆಮೇಲೆ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಇಂಜಿನಿಯರ್ ಅಲ್ವಾ, ನೀರು ಬಂದ ದಿನಗಳನ್ನೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಹೋದರು. ಎರಡು ತಿಂಗಳಾದರೂ ಲೆಕ್ಕ ಕೂಡಲಿಲ್ಲ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಪಾಪ, ಹೊಸಬರು ಅಂತ ತರಕಾರಿ ನಾನೇ ತಂದೆ, ಆಟೊ ನಾನೇ ಮಾತಾಡಿದೆ, ಮೋಟರ್ ನಾನೇ ಹಾಕಿದೆ. ತಿಂಗಳಾಗುವಷ್ಟರಲ್ಲಿ ಅವರು ಮಾತೇ ಕಡಿಮೆ ಮಾಡಿದರು. ನನಗೆ ಬೇಜಾರಾಯಿತು. ಕೊನೆಗೆ ಒಂದು ಭಾನುವಾರ ಅವರೇ ಬಂದು, "ನಾನು ಇಲ್ಲಿ ಅತಿಥಿಯಾಗಿ ಬಂದಿಲ್ಲ, ಕೆಲಸಕ್ಕೆ ಬಂದಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. ಮರುದಿನದಿಂದ ಚೀಲ ಅವರ ಕೈಗೆ ಕೊಟ್ಟೆ. ನೂರು, ಐವತ್ತು, ಬೇಕು, ಬೇಡ, ಜಾಸ್ತಿ ಆಯ್ತು. ಇಷ್ಟು ಕನ್ನಡ ಕಲಿಸಿದೆ. ಮೊದಲ ದಿನ ಟೊಮೆಟೊ ದುಬಾರಿಗೆ ತಂದರು. ನಾಲ್ಕನೇ ವಾರ ನನಗಿಂತ ಕಡಿಮೆಗೆ ತಂದರು! ಬೆಳಿಗ್ಗೆ ಕುಂದವಾಡ ಕೆರೆಗೆ ಒಬ್ಬರೇ ವಾಕಿಂಗ್ ಹೊರಟರು. ಬೆಣ್ಣೆದೋಸೆ ಹೋಟೆಲ್ಲಿನಲ್ಲಿ ಸೌದೆ ಒಲೆಯ ಹತ್ತಿರವೇ ನಿಂತು, ಹಿಟ್ಟಿಗೆ ಮಂಡಕ್ಕಿಯನ್ನೂ ಹಾಕಿ ರುಬ್ಬುತ್ತಾರೆ ಅನ್ನುವುದನ್ನು ಕೇಳಿಕೊಂಡು ಬಂದರು. ಇಲ್ಲೇ ಹುಟ್ಟಿದ ನನ್ನ ಮಗನಿಗೆ ಅದು ಗೊತ್ತಿರಲಿಲ್ಲ.

ಇನ್ನು "ಊಟ ಆತೇನ್ರಿ?" ಓಣಿಯಲ್ಲಿ ಎಲ್ಲರೂ ಕೇಳುವ ಮಾತು. ಅವರು ಅದನ್ನು ನಿಜವಾದ ಪ್ರಶ್ನೆ ಅಂದುಕೊಂಡು "ಇನ್ನೂ ಇಲ್ಲ" ಅನ್ನುತ್ತಿದ್ದರು. ತಗೋ, ಎದುರು ಮನೆಯಿಂದ ರೊಟ್ಟಿ, ಪಕ್ಕದ ಮನೆಯಿಂದ ಚಿತ್ರಾನ್ನ, ನಮ್ಮ ಮನೆಯಿಂದ ಸಾರು. ಒಂದು ರಾತ್ರಿ ಅವರ ಟೇಬಲ್ ಮೇಲೆ ನಾಲ್ಕು ಡಬ್ಬಿ. "ಆತು" ಅಂತ ಹೇಳಿಬಿಡಿ ಅಂದೆ. ತಿಂದಿಲ್ಲದಿದ್ದರೂ ಹೇಳಬೇಕಾ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಡಬ್ಬಿಗಳನ್ನು ಫಳಫಳ ತೊಳೆದು ವಾಪಸ್ ಕೊಟ್ಟರು. ಖಾಲಿ ಡಬ್ಬಿ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಅಂತ ಅವ್ವ ಸನ್ನೆಯಲ್ಲೇ ಹೇಳಿಕೊಟ್ಟಳು. ಆಮೇಲೆ ಬಾಳೆಹಣ್ಣು ಇಡದೆ ಒಂದು ಡಬ್ಬಿಯೂ ವಾಪಸ್ ಬರಲಿಲ್ಲ.

2024ರಲ್ಲಿ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರೆಲ್ಲ ನೆಂಟರು. ಕಾರ್ಖಾನೆಯ ಐದು ಜನ ಅವರನ್ನು ಊಟಕ್ಕೆ ಕರೆದಿದ್ದರು. ಐದೂ ಮನೆಗೆ ಹೋಗಿ ಬಂದು ಮಾರನೇ ದಿನ ಮಲಗಿಬಿಟ್ಟರು. ಅವ್ವ ಜೀರಿಗೆ ಕಷಾಯ ಕಳಿಸಿದಳು.

ಸೆಪ್ಟೆಂಬರ್‌ನಲ್ಲಿ ಮನೆ ಖಾಲಿ ಮಾಡಿದರು. ಗೋಡೆಗೆ ಮೊಳೆ ಹೊಡೆದ ತೂತನ್ನೂ ಮುಚ್ಚಿದ್ದರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ. ಅವ್ವನ ಒಂದು ಸ್ಟೀಲ್ ಡಬ್ಬಿ ಮಾತ್ರ ಅವರ ಸಾಮಾನಿನ ಜೊತೆ ಹೋಯಿತು. ಖಾಲಿ ಕೊಡಬಾರದು ಅಂತ ಇಟ್ಟುಕೊಂಡರೋ, ಮರೆತರೋ, ಕೇಳಿಲ್ಲ.