ಒಂದೇ ಯೂರಿಯಾ, ಎರಡು ಹೊಲ, ಎರಡು ಲೆಕ್ಕ

ನನ್ಗೆ ಎರಡು ತುಂಡು ಹೊಲ ಇದೆ, ಒಂದು ಎರೆ, ಅಂದ್ರೆ ಕಪ್ಪು ಮಣ್ಣು, ಪೂರ್ತಿ ಮಳೆ ನಂಬ್ಕೊಂಡಿರೋದು, ಇನ್ನೊಂದು ಮರಳು ಜಾಸ್ತಿ ಇರೋ ಕೆಂಪು ನೆಲ, ಅದಕ್ಕೆ ಬೋರ್ ನೀರಿದೆ. ಎರಡಕ್ಕೂ ಮೆಕ್ಕೆಜೋಳಾನೇ, ಎರಡಕ್ಕೂ ಒಂದೇ ಲೆಕ್ಕದ ಯೂರಿಯಾ, ಹಾಗೇ ಎಷ್ಟೋ ವರ್ಷ ನಡೀತು. ನೀರಿರೋ ಹೊಲದಲ್ಲೇ ಗೊಬ್ಬರ ಚೆನ್ನಾಗಿ ಹಿಡಿಯತ್ತೆ ಅನ್ಕೊಂಡಿದ್ದೆ, ಅದು ತಪ್ಪು ಅಂತ ಗೊತ್ತಾಗಿದ್ದು ಐದು ಸಾಲು ಖಾಲಿ ಬಿಟ್ಟಾಗ.

ಖಾಲಿ ಅಂದ್ರೆ ರಂಜಕ, ಪೊಟ್ಯಾಷ್ ಎಲ್ಲಾ ಹಾಕಿ ಸಾರಜನಕ ಕೊಡೋ ಯೂರಿಯಾ ಮಾತ್ರ ನಿಲ್ಸಿದ್ದು, ಎರಡು ಹೊಲದಲ್ಲೂ ನಟ್ಟನಡುವೆ, ಬದುವಿನ ಪಕ್ಕ ಅಲ್ಲ. ಕೊಯ್ಲಲ್ಲಿ ಖಾಲಿ ಸಾಲಿಂದೂ ಯೂರಿಯಾ ಹಾಕಿದ ಸಾಲಿಂದೂ ಅಷ್ಟಷ್ಟೇ ಜಾಗದ ಕಾಳನ್ನ ಒಂದೇ ಹದಕ್ಕೆ ಒಣಗ್ಸಿ ತೂಗ್ಬೇಕು, ಹಾಕಿದ ಕಡೆ ಇಳುವರಿಯಲ್ಲಿ ಹಾಕದ ಕಡೇದನ್ನ ಕಳೆದು, ಉಳಿದದ್ದನ್ನ ಅಷ್ಟು ಜಾಗಕ್ಕೆ ಹಾಕಿದ ಸಾರಜನಕದ ಕೆಜಿಯಿಂದ ಭಾಗಿಸ್ಬೇಕು. ಯೂರಿಯಾ ತೂಕದಿಂದ ಭಾಗಿಸ್ಬೇಡಿ, ಅದರಲ್ಲಿ ಸಾರಜನಕ 46% ಅಷ್ಟೇ. ಉದಾಹರಣೆಗೆ 100 ಕೆಜಿ ಯೂರಿಯಾಕ್ಕೆ 920 ಕೆಜಿ ಕಾಳು ಹೆಚ್ಚಿಗೆ ಬಂದ್ರೆ, ಒಂದು ಕೆಜಿ ಸಾರಜನಕಕ್ಕೆ 20 ಕೆಜಿ ಕಾಳು ಬಂದಂಗೆ.

ಎರೆ ಹೊಲದ ಖಾಲಿ ಸಾಲು ನಾನಂದ್ಕೊಂಡಷ್ಟು ಸೊರಗ್ಲೇ ಇಲ್ಲ, ಹಿಂದಿನ ಬೆಳೆ ದ್ವಿದಳ ಆಗಿತ್ತು, ಮಣ್ಣಲ್ಲೇ ಸಾರಜನಕ ಇತ್ತು, ಅಂದ್ರೆ ಅಲ್ಲಿ ನಾನು ಬೇಕಾದ್ದಕ್ಕಿಂತ ಜಾಸ್ತಿ ಸುರೀತಿದ್ದೆ. ಕೆಂಪು ಹೊಲದಲ್ಲಿ ಖಾಲಿ ಸಾಲಿನ ಕೆಳಗಿನ ಎಲೆಗಳು ತುದಿಯಿಂದ ನಡುನರದುದ್ದಕ್ಕೂ ಹಳದಿಯಾಗಿದ್ವು, ಅಂಚು ಮಾತ್ರ ಹಸಿರು. ಅದು ಗೊತ್ತಿದ್ದಿದ್ದೇ. ಆದ್ರೆ ಯೂರಿಯಾ ಹಾಕಿದ ಸಾಲಲ್ಲೂ ತೆನೆ ಬರೋ ಹೊತ್ತಿಗೆ ಅದೇ ಹಳದಿ ಶುರುವಾಗಿತ್ತು ನೋಡಿ, ಅವತ್ತು ನಿಜವಾಗ್ಲೂ ಹೊಟ್ಟೆ ಉರೀತು. ಬಿತ್ತೋವಾಗಲೇ ಅರ್ಧಕ್ಕರ್ಧ ಹಾಕಿ ಮೇಲೆ ಜೋರು ನೀರು ಬಿಟ್ಟಿದ್ದೆ, ಬೆರಳುದ್ದ ಪೈರಿಗೆ ಅಷ್ಟು ತಿನ್ನೋ ಶಕ್ತಿ ಎಲ್ಲಿರತ್ತೆ, ಸಾರಜನಕ ನೀರಿನ ಜೊತೆ ಹರಿದುಹೋಗೋ ನೈಟ್ರೇಟ್ ಆಗಿ ಬೇರಿನ ಕೆಳಗೆ ಇಳಿದೋಯ್ತು. ಮೆಕ್ಕೆಜೋಳ ಸಾರಜನಕಾನ ಜಾಸ್ತಿ ಎಳ್ಕೊಳ್ಳೋದು ಮೊಣಕಾಲೆತ್ತರದಿಂದ ಗಂಡು ಹೂ ಬರೋವರೆಗೆ.

ಈಗ ಕೆಂಪು ಹೊಲಕ್ಕೆ ಬಿತ್ತನೇಲಿ ಸ್ವಲ್ಪಾನೇ, ಆಮೇಲೆ ಮೊಣಕಾಲೆತ್ತರದಲ್ಲಿ, ಹೂ ಬರೋಕೆ ಮುಂಚೆ, ಹೀಗೆ ಮೂರು ಕಂತು, ಪ್ರತಿ ಸಲಾನೂ ಹಗುರ ನೀರು. ಒಟ್ಟು ಯೂರಿಯಾ ಕಮ್ಮಿ ಆಯ್ತು, ತೆನೆ ತುದಿವರೆಗೂ ಕಾಳು ಕಟ್ತಿದೆ.

ಎರೆಯಲ್ಲಿ ಕಷ್ಟ ಬೇರೆ. ಒಂದ್ಸಲ ಮಳೆ ಬರತ್ತೆ ಅಂತ ಒದ್ದೆ ನೆಲದ ಮೇಲೆ ಚೆಲ್ಲಿದೆ, ಮಳೆ ಬರ್ಲಿಲ್ಲ, ಬಿಸಿಲು ಬಂತು, ಮಾರನೇ ದಿನ ಬಗ್ಗಿ ನೋಡಿದ್ರೆ ಹರಳು ಅರ್ಧ ಕರಗಿ ಮೂಗಿಗೆ ಅಮೋನಿಯಾ ಘಾಟು ಹೊಡೀತಿತ್ತು. ಆಮೇಲಿಂದ ಮೇಲೆ ಚೆಲ್ಲೋದೇ ಬಿಟ್ಟೆ, ಗಿಡದ ಪಕ್ಕ ಗೀರು ತೆಗ್ದು ಹಾಕಿ ಮಣ್ಣು ಮುಚ್ತೀನಿ, ಹದ ಇಲ್ದಿದ್ರೆ ಆ ಕಂತು ಹಾಕೋದೇ ಇಲ್ಲ, ಬೇರಿಗೆ ಒಯ್ಯೋಕೆ ನೀರೇ ಇಲ್ಲ ಅಂದ್ರೆ ಹಾಕಿ ಏನ್ ಪ್ರಯೋಜನ.

ಅದೇ ಹೊಲದ ತಗ್ಗು ಮೂಲೇಲಿ ನೀರು ನಿಂತ್ರೆ ಮಾತ್ರ ಇನ್ನೂ ಸೋಲ್ತಿದೀನಿ, ಗಾಳಿಯಾಡದೆ ನೈಟ್ರೇಟ್ ಅನಿಲವಾಗಿ ಹೋಗ್ಬಿಡತ್ತೆ. ಬಸಿಗಾಲುವೆ ತೆಗ್ಸಿದೀನಿ, ಈ ಸಲ ಆ ಮೂಲೇಲೂ ಐದು ಸಾಲು ಖಾಲಿ ಬಿಟ್ಟಿದೀನಿ, ಕೊಯ್ಲಾದ್ಮೇಲೆ ಲೆಕ್ಕ ಹಾಕ್ಬೇಕು.